ಸೈಕಲ್ ಪಂದ್ಯದ ಊಟದ ಜಾಗ ಹುಡುಕಿದ ದಿನ

ಬೆಳಿಗ್ಗೆ ಆರೂವರೆಗೆ ಶ್ರೀರಂಗಪಟ್ಟಣದ ಹೊಳೆ ದಂಡೆಯಿಂದ ಇಪ್ಪತ್ತೆಂಟು ಸೈಕಲ್ಲುಗಳು ಹೊರಟವು. ಅವುಗಳಲ್ಲಿ ಒಂದು ನಿಮ್ಮ ತಾಯಿ, ನನ್ನ ಮಗಳು ಸುನಂದೆಯದು. ಮಕ್ಕಳೇ, ಆಗ ಅವಳಿಗೆ ಇಪ್ಪತ್ತೊಂದು ವರ್ಷ. ಮೈಸೂರಿನಲ್ಲಿ ದೈಹಿಕ ಶಿಕ್ಷಣದ ತರಬೇತಿಯಲ್ಲಿದ್ದಳು. ದಪ್ಪ ಟೈರಿನ ಆ ಗೇರ್ ಸೈಕಲ್ಲು ಕಾಲೇಜಿನದು. ನಾಲೆಯ ಏರಿ, ಗುಡ್ಡದ ಕಾಲುದಾರಿ, ಕಲ್ಲು ಮಣ್ಣು ಎಲ್ಲ ದಾಟಿ ಸಂಜೆಯೊಳಗೆ ನಾಗಮಂಗಲ ಮುಟ್ಟಬೇಕು. ಒಟ್ಟು ಎಪ್ಪತ್ತು ಮೈಲಿ.

ಅವಳಿಗೆ ಊಟ ತಲುಪಿಸುವುದು ನನ್ನ ಕೆಲಸ. ಪಂದ್ಯದ ನಿಯಮ ಹೀಗಿತ್ತು: ಅರ್ಧ ದಾರಿಯ ಊಟದ ಜಾಗದಲ್ಲಿ ಪ್ರತಿಯೊಬ್ಬರ ಮನೆಯವರು ಬುತ್ತಿ ಹಿಡಿದು ಕಾದಿದ್ದು ರುಜು ಹಾಕಬೇಕು. ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆಯವರು ಬಾರದಿದ್ದರೆ ಸವಾರರನ್ನು ಮುಂದೆ ಬಿಡುವುದಿಲ್ಲ. ಆಮೇಲಿನ ಗುಡ್ಡದ ದಾರಿಯಲ್ಲಿ ಅಂಗಡಿ ಮನೆ ಏನೂ ಇರಲಿಲ್ಲ. ನನ್ನ ತಮ್ಮ ಹೋಗಬೇಕಿತ್ತು. ಹಿಂದಿನ ದಿನ ಅವನ ಹಸುವಿಗೆ ಈಯುವ ನೋವು ಬಂತು. ಹಾಗಾಗಿ ಹನ್ನೆರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಚಿಪ್ಪು ಬಾಳೆಹಣ್ಣು, ಅಚ್ಚು ಬೆಲ್ಲ, ಒಂದು ಕ್ಯಾನು ಮಜ್ಜಿಗೆ ನನ್ನ ಕೈಗೆ ಬಂದವು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಒಬ್ಬಳೇ ಬಸ್ಸು ಹತ್ತಿದ್ದು ಕಡಿಮೆ, ಗುರುತಿಲ್ಲದ ಗಂಡಸರನ್ನು ಮಾತನಾಡಿಸಿದ್ದು ಇನ್ನೂ ಕಡಿಮೆ.

ಊಟದ ಜಾಗ ಎಲ್ಲಿ ಎಂದು ಅಚ್ಚಾದ ಕಾಗದದಲ್ಲಿ ಬರೆದಿತ್ತು: ಬೆಟ್ಟದ ಬುಡ, ಕೆರೆ ಏರಿಯ ಪಕ್ಕ, ಆಲದ ಮರದ ಕೆಳಗೆ. ಊರಿನ ಹೆಸರಿರಲಿಲ್ಲ. ಸುನಂದೆ ಕೇಳಿದ್ದಕ್ಕೆ ಪಂದ್ಯ ನಡೆಸುವವರು, ಆ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ ಎಂದರಂತೆ. ಅದು ನಿಜವೇ ಆಯಿತು. ಕೇಳಿದವರೆಲ್ಲ ಹೇಳಿದರು. ನಮ್ಮ ಕಡೆ ದಾರಿ ಕೇಳಿದವರಿಗೆ ಗೊತ್ತಿಲ್ಲ ಎಂದರೆ ಮರ್ಯಾದೆ ಅಲ್ಲ ನೋಡಿ.

ಮೊದಲು ಹೇಳಿದವನು ಪಾಂಡವಪುರದ ಬಸ್ಸಿನ ಕಂಡಕ್ಟರು. ಬೆಟ್ಟ ಅಂದರೆ ಕುಂತಿಬೆಟ್ಟವೇ ಎಂದ. ಮೂರು ರೂಪಾಯಿ ಟಿಕೆಟು. ಪಾಂಡವಪುರದಲ್ಲಿ ಇಳಿದು ಕ್ಯಾನು ಹೊತ್ತು ಬೆಟ್ಟದ ಬುಡಕ್ಕೆ ನಡೆದೆ. ನೀರಿತ್ತು, ಮರಗಳಿದ್ದವು, ಸೈಕಲ್ಲು ಒಂದೂ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನನ್ನ ಮಾತು ಕೇಳಿ ಕಲ್ಲಿನ ಮೇಲೆ ಕೂತೇಬಿಟ್ಟಳು.

"ಈ ಬೆಟ್ಟಕ್ಕೆ ಸೈಕಲ್ಲಾ? ಕಾಲಲ್ಲೇ ಅತ್ತಕ್ಕಾಗಲ್ಲ. ಅವುರ್ನ ಎತ್ತೋರಿಗೆ ಬುದ್ಧಿ ಬ್ಯಾಡ್ವಾ?"

ಹೆತ್ತವರಲ್ಲಿ ನಾನೂ ಒಬ್ಬಳು ಎಂದು ಹೇಳಲು ನಾಚಿಕೆಯಾಯಿತು. ಪಾಂಡವಪುರದ ಕಡೆ ಹೊರಟಿದ್ದ ಕಬ್ಬಿನ ಗಾಡಿಯಲ್ಲಿ ಅವಳೇ ನನ್ನನ್ನು ಹತ್ತಿಸಿದಳು.

ಕೆ.ಆರ್. ಪೇಟೆ ಕಡೆ ನೋಡಿ ಎಂದು ಗಾಡಿಯವನು ಹೇಳಿದ. ಒಂಬತ್ತೂ ಮುಕ್ಕಾಲಿಗೆ ಆ ಬಸ್ಸು ಸಿಕ್ಕಿತು. ಬಿಸಿಲು ಏರಿತ್ತು, ಧೂಳಿಗೆ ಎಲ್ಲರೂ ಕಿಟಕಿ ಪರದೆ ಇಳಿಸಿದ್ದರು. ಈ ಸಲ ಪಕ್ಕದ ಸೀಟಿನ ಹೆಂಗಸಿನ ಕಿವಿಯಲ್ಲಿ ಕೇಳಿದೆ. ಅವಳು ಗಂಡನಿಗೆ ಹೇಳಿದಳು, ಗಂಡ ಇಡೀ ಬಸ್ಸಿಗೆ ಹೇಳಿದ. ಮೂವರು ಮೂರು ಊರು ಹೇಳಿ ಜಗಳಕ್ಕೆ ನಿಂತರು. ಬೂಕನಕೆರೆ ಬಂದಾಗ, ಹೆಸರಿನಲ್ಲೇ ಕೆರೆ ಇದೆ, ಇಳಿಯಲೇ ಎಂದು ಎದ್ದೆ. ಅದು ಇನ್ನೂ ಮುಂದೆ ಎಂದು ಮೂವರೂ ಒಂದೇ ಬಾಯಲ್ಲಿ ಹೇಳಿ ನನ್ನನ್ನು ಕೂರಿಸಿದರು. ಅವರು ಒಪ್ಪಿದ ಮಾತು ಅದೊಂದೇ.

ಕೆ.ಆರ್. ಪೇಟೆಯಲ್ಲಿ ಇಳಿದಾಗ ಹನ್ನೊಂದೂಕಾಲು. ಒಂದು ಗಂಟೆಯವರೆಗೆ ಮಗಳು ನನಗಾಗಿ ದಾರಿ ನೋಡುತ್ತಾಳೆ, ಆಮೇಲೆ ಅವಳನ್ನು ಮುಂದೆ ಬಿಡುವುದಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು. ಅರ್ಧ ಗಂಟೆ ಅಲ್ಲಿ ಇಲ್ಲಿ ವಿಚಾರಿಸಿ ಸೋತು ನಿಂತಾಗ ಎದುರಿಗೆ ಶಾಮಿಯಾನದ ಅಂಗಡಿ ಕಂಡಿತು. ಮದುವೆಯಾಗಲಿ ತಿಥಿಯಾಗಲಿ, ಜನ ಸೇರುವ ಜಾಗ ಅಂಗಡಿಯವನಿಗೆ ಗೊತ್ತಿರಲೇಬೇಕು. ಇಷ್ಟು ಹೊತ್ತು ನಾನು ಪಂದ್ಯ ಎಲ್ಲಿ ಎಂದು ಕೇಳಿದ್ದೇ ತಪ್ಪು ಅನ್ನಿಸಿತು. ಸೆರಗು ಹೊದ್ದು ಒಳಗೆ ಹೋದೆ. ಇವತ್ತು ಆಲದ ಮರದ ಹತ್ತಿರ ಎಲ್ಲಿಗಾದರೂ ಕುರ್ಚಿ ಹೋಗಿವೆಯೇ ಎಂದು ಕೇಳಿದೆ.

"ಶಾಮಿಯಾನಾನೂ ಓಗೈತೆ ಕಣಕ್ಕ," ಎಂದ ಅಂಗಡಿಯವನು. "ಮರದ ನೆಳ್ಳಿಗೆ ಅದ್ಯಾಕೆ ಅಂದ್ರೆ ಸೈಕಲ್ ಪಂದ್ಯದ ಟೋಪಿ ಸಾಹೇಬ್ರು ಕೇಳ್ಳಿಲ್ಲ. ಬೂಕನಕೆರೆಯಿಂದ ಒಳಕ್ಕೆ ಮೂರು ಮೈಲಿ."

ನಾನು ಇಳಿಯಲು ಎದ್ದು ಮತ್ತೆ ಕೂತ ಬೂಕನಕೆರೆ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, ಅಲ್ಲಿಗೇ ಇನ್ನಷ್ಟು ಕುರ್ಚಿ ಹೊತ್ತು ಹೊರಟಿದ್ದ ಟೆಂಪೋ ನಿಲ್ಲಿಸಿದ. "ಮುಂದ್ಗಡೆ ಜಾಗ ಇಲ್ಲ. ಇಂದ್ಗಡೆ ಇಪ್ಪತ್ತು ಕುರ್ಚಿ ಅವೆ, ನಿಮಗೆ ಬೇಕಾದ್ರಲ್ಲಿ ಕುಂತ್ಕಳಿ."

ಹಾಗೆ ಕುರ್ಚಿ ರಾಶಿಯ ನಡುವೆ ಕ್ಯಾನು ತಬ್ಬಿಕೊಂಡು ಹನ್ನೆರಡೂ ನಲವತ್ತಕ್ಕೆ ಹೋಗಿ ಇಳಿದೆ. ಬೆಟ್ಟ, ಕೆರೆ, ಆಲ ಎಲ್ಲವೂ ಇದ್ದವು. ಮಂಡಿ ತರಚಿಕೊಂಡು ಕೂತಿದ್ದ ಸುನಂದೆ ನನ್ನನ್ನು ನೋಡಿ, "ಪಂದ್ಯಕ್ಕೆ ಬಂದ್ಯೋ, ದಿಬ್ಬಣಕ್ಕೆ ಬಂದ್ಯೋ?" ಎಂದಳು. ಅವಳ ಕಣ್ಣು ಮಾತ್ರ ಒದ್ದೆಯಾಗಿತ್ತು.

ಅವಳು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ಪಂದ್ಯ ನಡೆಸುತ್ತಿದ್ದ ಟೋಪಿಯವರು ಗಡಿಯಾರ ನೋಡಿದರು. ಇನ್ನೂ ಐದು ಜನರ ಮನೆಯವರು ಬಂದಿರಲಿಲ್ಲ. ಅವರ ಸೈಕಲ್ಲುಗಳನ್ನು ಲಾರಿಗೆ ಹಾಕಿಸಲು ಹೇಳಿದರು. ಮದ್ದೂರಿನ ಗಿರಿಜೆ ಎನ್ನುವ ಹುಡುಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ಬಹುಮಾನ. ಪಂದ್ಯದಲ್ಲಿ ಉಳಿದಿದ್ದ ಹೆಣ್ಣುಮಕ್ಕಳು ಅವಳು ಮತ್ತು ಸುನಂದೆ, ಇಬ್ಬರೇ. ನಾನು ಬುತ್ತಿ ನೋಡಿದೆ, ಮಗಳನ್ನು ನೋಡಿದೆ. ಅವಳಿಗೆ ಅರ್ಥವಾಯಿತು. ಬುತ್ತಿಯನ್ನು ನನ್ನ ಕಡೆ ತಳ್ಳಿ, "ಕೊಡು," ಎಂದಳು.

ಟೋಪಿಯವರು ಮನೆಯವರೇ ಕೊಡಬೇಕು ಎಂದರು. ನಾನು ಸೆರಗು ಸರಿ ಮಾಡಿಕೊಂಡು ಅವರ ಎದುರಿಗೆ ನಿಂತೆ.

"ಬೆಟ್ಟ, ಕೆರೆ, ಮರ ಅಂತ ಬರ್ದಿದ್ದೀರಿ. ನಮ್ಮ ಸೀಮೇಲಿ ಅವಿಲ್ದೆ ಇರೋ ಊರು ಒಂದು ತೋರ್ಸಿ ಸ್ವಾಮಿ. ಇವರ ಮನೆಯೋರೂ ಯಾವ್ದೋ ಮರದ ಕೆಳಗೆ ಕಾಯ್ತಾವ್ರೆ."

ಅವರು ಟೋಪಿ ತೆಗೆದು ತಲೆ ಕೆರೆದರು. ಆಮೇಲೆ ಪುಸ್ತಕ ನನ್ನ ಮುಂದೆ ಇಟ್ಟರು. ಸಂಬಂಧ ಎನ್ನುವ ಕಡೆ ಗಿರಿಜೆಗೆ ಚಿಕ್ಕಮ್ಮ ಎಂದು ಬರೆದೆ, ಒಬ್ಬನಿಗೆ ದೊಡ್ಡಮ್ಮ, ಇಬ್ಬರಿಗೆ ಅತ್ತೆ. ಐದನೆಯವನು ಅಜ್ಜಿ ಅಂತ ಬರೀರಿ ಎಂದ. ಆಗ ನನಗೆ ನಲವತ್ತನಾಲ್ಕು. ಅವನಿಗೆ ಬೆಲ್ಲ ಸ್ವಲ್ಪ ಕಡಿಮೆ ಕೊಟ್ಟೆ. ರೊಟ್ಟಿ, ಹಣ್ಣು, ಮಜ್ಜಿಗೆ ಎಲ್ಲ ಮುಗಿದವು. ಆರೂ ಜನ ಗುಡ್ಡದ ದಾರಿ ಹಿಡಿದರು.

ಅದೇ ಟೆಂಪೋದಲ್ಲಿ ಕೆ.ಆರ್. ಪೇಟೆಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಾಗಮಂಗಲ ಸೇರಿದಾಗ ನಾಲ್ಕು ಗಂಟೆ. ಪಂದ್ಯ ಮುಗಿಯುವ ಮೈದಾನ ಬಸ್ ನಿಲ್ದಾಣದಿಂದಲೇ ಕಾಣುತ್ತಿತ್ತು. ಟೋಪಿಯವರು ಜೀಪಿನಲ್ಲಿ ಬಂದು, ಮುಂದಿನ ಸಲಕ್ಕೆ ಊಟದ ಜಾಗವನ್ನು ಹೇಗೆ ಬರೆಯಬೇಕು ಎಂದು ಕೇಳಿದರು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಇಳಿದ ಮೇಲೆ ಯಾವ ಕೈಗೆ, ಎಷ್ಟು ಮೈಲಿ, ಊರಿನ ಹೆಸರು ಏನು ಎಂದು ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು.

ಐದೂವರೆಗೆ ಗಿರಿಜೆ ಬಂದಳು. ಅವಳ ಹಿಂದೆ ಒಂದು ಫರ್ಲಾಂಗು ದೂರದಲ್ಲಿ ಸುನಂದೆ. ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ನೆಲಕ್ಕೆ ಕೂತು ನಕ್ಕಳು.

"ನಿನ್ನ ರೊಟ್ಟಿನೇ ನನ್ನ ಇಂದಾಕ್ಬುಡ್ತು ಕಣವ್ವ."

ಆಗ ಬೇಸರವಾಯಿತೇ ಎಂದು ನೀವು ಕೇಳಬಹುದು. ಆಯಿತು, ಸ್ವಲ್ಪ. ಗಿರಿಜೆ ಬಹುಮಾನದ ಗೋಡೆ ಗಡಿಯಾರವನ್ನು ತಂದು ಕೊಡಲು ಬಂದಳು. ಗೆದ್ದವಳೇ ಹೊತ್ತುಕೊಂಡು ಹೋಗಲಿ ಎಂದು ಸುನಂದೆ ಮುಟ್ಟಲಿಲ್ಲ.

ಕತ್ತಲಾಗುವ ಮುಂಚಿನ ಬಸ್ಸಿಗೆ ಸೈಕಲ್ಲು ಮೇಲೆ ಕಟ್ಟಿಸಿ ಹತ್ತಿದೆವು. ಗಿರಿಜೆ ಗಡಿಯಾರ ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಕೆಳಗೆ ನಿಂತಿದ್ದಳು. ಬಸ್ಸು ತಿರುಗುವಾಗ ಹಿಂದಕ್ಕೆ ನೋಡಿದೆ. ಮೈದಾನದ ಆ ಕಡೆಯಿಂದ ಧೂಳು ಮೆತ್ತಿದ ಗಂಡ ಹೆಂಡತಿ ಓಡೋಡಿ ಬರುತ್ತಿದ್ದರು. ಗಿರಿಜೆ "ಅಪ್ಪಾ" ಎಂದು ಕೂಗುತ್ತ ಅತ್ತ ಓಡಿದಳು. ಆ ತಾಯಿಯ ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರು ಇತ್ತು. ಅದಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಇನ್ನೂ ಬಿಚ್ಚಿರಲಿಲ್ಲ.