ಬಾಕ್ಸ್ ಅವರದು, ಟಿವಿ ನಮ್ಮದು

ಕಳೆದ ವಾರ ತಾರಸಿಗೆ ಶೀಟು ಹಾಕಿಸುತ್ತಿದ್ದೆವು. ವೆಲ್ಡಿಂಗಿನವನು ಏಣಿಯ ಮೇಲಿಂದ ಕೂಗಿದ: "ಅಕ್ಕಾ, ಇಲ್ಲೊಂದು ಹಳೇ ವಯರ್ ಉಂಟು. ಕಟ್ ಮಾಡ್ಲಾ?"

ಹೊರಗೆ ಬಂದು ನೋಡಿದೆ. ಒಂದು ಕಾಲದಲ್ಲಿ ಕಪ್ಪಗಿದ್ದ ಕೇಬಲ್ ವಯರು ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಿಟಕಿಯ ಮೂಲೆಯಿಂದ ಹೊರಟು, ಪೇರಳೆ ಮರದ ಕವಲಿಗೆ ಸುತ್ತಿಕೊಂಡು, ಕಾಂಪೌಂಡ್ ದಾಟಿ ಪಕ್ಕದ ಮನೆಯ ಗೋಡೆಯೊಳಗೆ ಹೋಗುತ್ತಿತ್ತು. ಆಚೆ ತುದಿಯಲ್ಲಿ ಈಗ ಕೇಬಲಿನ ಬಾಕ್ಸಿಲ್ಲ, ಬಾಕ್ಸಿನ ಯಜಮಾನರೂ ಇಲ್ಲ. ಆದರೂ ಅದನ್ನು ಕಂಡ ಕೂಡಲೇ ನನ್ನ ಮೈ ಉರಿಯಿತು... ಕೆಲವರು ಸತ್ತ ಮೇಲೂ ಸಿಟ್ಟು ಬರಿಸುತ್ತಾರೆ.

ಅವರನ್ನು ಎಲ್ಲರೂ ಸೆಕ್ರೆಟರಿಯವರು ಎಂದೇ ಕರೆಯುತ್ತಿದ್ದರು. ಯಾವುದೋ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ನಿವೃತ್ತರಾಗಿದ್ದರು. ನಿವೃತ್ತಿಯ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಅವರಿಗೆ ಮಾತ್ರ ಯಾರೂ ತಿಳಿಸಿದಂತಿರಲಿಲ್ಲ. ಮೀನು ತರಲು ಹೋಗುವಾಗಲೂ ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಪೆನ್ನು. ಬಂಗುಡೆಗೆ ಸಹಿ ಹಾಕುವುದಿತ್ತೋ ಏನೋ! ನನ್ನ ಮಾವ, ಅಂದರೆ ನನ್ನ ಗಂಡನ ತಂದೆ, ಅದೇ ಸೊಸೈಟಿಯ ರೇಶನ್ ಕೌಂಟರಿನಲ್ಲಿ ಅಕ್ಕಿ ತೂಗುತ್ತ ಅವರ ಕೈಕೆಳಗೆ ಜೀವನ ಸವೆಸಿದವರು. ಅವರೂ ನಿವೃತ್ತರಾಗಿದ್ದರು. ಆದರೆ ಕಾಂಪೌಂಡಿನ ಆಚೆ ಸೆಕ್ರೆಟರಿ ಕೆಮ್ಮಿದರೆ ಸಾಕು, ಈಚೆ ನಮ್ಮ ಮಾವ ಉಣ್ಣುವ ಬಟ್ಟಲಿನ ಮುಂದಿನಿಂದ ಎದ್ದು ನಿಲ್ಲುತ್ತಿದ್ದರು.

ಮರ್ಕಂಜದ ನನ್ನ ತವರಿನಲ್ಲಿ ಯಾರ ಕೆಮ್ಮಿಗೂ ಯಾರೂ ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ. ಮದುವೆಯಾಗಿ ಪುತ್ತೂರು ಪೇಟೆಯ ಅಂಚಿನ ಈ ಮನೆಗೆ ಬಂದಾಗ ಮೊದಲು ವಿಚಿತ್ರವೆನಿಸಿದ್ದು ಈ ಕೆಮ್ಮು, ಆಮೇಲೆ ಈ ವಯರು. ಕೇಬಲ್ ಇದ್ದದ್ದು ಸೆಕ್ರೆಟರಿಯವರ ಮನೆಗೆ. ಅದನ್ನು ಸೀಳಿ ನಮಗೂ ಒಂದು ಎಳೆ ಕೊಟ್ಟಿದ್ದರು. ಆಗಿನ ಕಾಲಕ್ಕೆ ಅದರಲ್ಲಿ ತೊಂದರೆ ಇರಲಿಲ್ಲ. ಚಿತ್ರ ಮರಳು ಮರಳಾಗಿದ್ದರೂ ಚಾನೆಲ್ ತಿರುಗಿಸುವುದು ನಮ್ಮ ನಮ್ಮ ಟಿವಿಯಲ್ಲೇ. ಅವರು ವಾರ್ತೆ ನೋಡಿದರೆ ನಾವು ಧಾರಾವಾಹಿ ನೋಡಬಹುದಿತ್ತು. ಈ ಉಪಕಾರಕ್ಕಾಗಿ ಅತ್ತೆ ಪತ್ರೊಡೆ ಮಾಡಿದರೂ ಹಲಸಿನ ಗಟ್ಟಿ ಮಾಡಿದರೂ ಮೊದಲ ಬಟ್ಟಲು ಆಚೆ ಮನೆಗೆ ಹೋಗುತ್ತಿತ್ತು. ಅವರ ಹೆಂಡತಿ ಇದ್ದಾಗ ಆ ಬಟ್ಟಲಿನಲ್ಲಿ ನಾಲ್ಕು ಮಲ್ಲಿಗೆಯಾದರೂ ವಾಪಸ್ ಬರುತ್ತಿತ್ತಂತೆ. ಆ ಹೆಂಗಸು ತೀರಿಕೊಂಡ ಮೇಲೆ ಬಟ್ಟಲು ತೊಳೆಯದೆಯೇ ಬರತೊಡಗಿತು.

ಹಾಗಿರುವಾಗ ಡಿಜಿಟಲ್ ಬಂತು. ಇನ್ನು ಬರೀ ವಯರಿನಲ್ಲಿ ಚಿತ್ರ ಬರುವುದಿಲ್ಲ, ಟಿವಿಗೊಂದು ಬಾಕ್ಸ್ ಬೇಕೇ ಬೇಕು ಎಂದು ಕೇಬಲಿನವನು ಮನೆಮನೆಗೆ ಹೇಳುತ್ತ ಬಂದ. ನಾವೂ ಒಂದು ತೆಗೆದುಕೊಳ್ಳುವ ಎಂದು ನಾನು ಹೇಳುವಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಅಪ್ಪಣೆಯಾಯಿತು.

"ಎರಡೆರಡು ಎಂತಕ್ಕೆ? ನನ್ನಲ್ಲಿ ಒಂದು ಇದ್ದರೆ ಸಾಕು. ವಯರ್ ಹೇಗೂ ಉಂಟಲ್ಲ."

ಕೇಬಲಿನವನು ತಲೆ ಕೆರೆದುಕೊಂಡ. "ಹಾಗೆ ಮಾಡಿದ್ರೆ ಎರಡು ಮನೆಗೂ ಒಂದೇ ಚಾನೆಲ್ ಬರುದು ಸರ್. ನೀವು ಇಲ್ಲಿ ಎಂತ ಇಡ್ತೀರೋ ಅದೇ ಅಲ್ಲಿ."

"ಒಳ್ಳೆಯದೇ ಆಯ್ತಲ್ಲ ಮಾರಾಯ," ಎಂದರು ಸೆಕ್ರೆಟರಿ. ಮಾವ ಈಚೆಯಿಂದ ತಲೆಯಾಡಿಸಿದರು. ನನ್ನ ಗಂಡ ಅದೇ ಸಮಯಕ್ಕೆ ಸ್ಕೂಟರಿನ ಚಕ್ರದಲ್ಲಿ ಗಾಳಿ ಉಂಟೋ ಇಲ್ಲವೋ ಎಂದು ಒತ್ತಿ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ಅವರ ಸ್ಕೂಟರಿನ ಗಾಳಿ ಯಾವಾಗಲೂ ಕಡಿಮೆಯಾಗುತ್ತದೆ.

ಹೀಗೆ ನಮ್ಮ ಮನೆಯ ಟಿವಿಯ ರಿಮೋಟು ಪಕ್ಕದ ಮನೆಗೆ ಹೋಯಿತು. ಅವರು ಏಳಕ್ಕೆ ವಾರ್ತೆ ಹಾಕಿದರೆ ನಮಗೂ ವಾರ್ತೆ. ಪರದೆಯ ಮೇಲೆ ಅವರು ಒತ್ತಿದ ನಂಬರು ನಮಗೆ ಕಾಣುತ್ತಿತ್ತು. ತಪ್ಪು ಒತ್ತಿ, ಅಳಿಸಿ, ಪುನಃ ತಪ್ಪು ಒತ್ತುವುದು ಕೂಡ. ಧಾರಾವಾಹಿಯ ಸೊಸೆ ಬಾಗಿಲು ತೆರೆಯುವಷ್ಟರಲ್ಲಿ ಪೇಟೆ ಧಾರಣೆ ಬರುತ್ತಿತ್ತು. ಅತ್ತೆ ಆ ಸೊಸೆಗೆ ಮುಂದೇನಾಯಿತೆಂದು ಮರುದಿನ ಹಾಲಿನ ಡಿಪೋದಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಸೆಕ್ರೆಟರಿಯವರಿಗೆ ಕಿವಿ ಮಂದವಾಗತೊಡಗಿದ ಮೇಲಂತೂ ಕೇಳುವುದೇ ಬೇಡ. ಅವರು ಬಾಕ್ಸಿನ ಸೌಂಡ್ ಏರಿಸಿದರೆ ನಮ್ಮ ಟಿವಿಯೂ ಕಿರುಚುತ್ತಿತ್ತು. ಎಲ್ಲೋ ದೂರದಲ್ಲಿ ಗುಡುಗಿದರೆ ಅವರು ಪ್ಲಗ್ ಕಿತ್ತುಬಿಡುತ್ತಿದ್ದರು, ನಮ್ಮಲ್ಲೂ ಎಲ್ಲ ಕಪ್ಪು. ಮಾವ ಇದನ್ನೆಲ್ಲ ಹವಾಮಾನದ ಹಾಗೆ ಸಹಿಸಿಕೊಂಡಿದ್ದರು. ಸ್ವಂತ ಮನೆಯಲ್ಲಿ, ಸ್ವಂತ ಕುರ್ಚಿಯಲ್ಲಿ ಕೂತ ಮನುಷ್ಯನಿಗೆ ತನಗೆ ಬೇಕಾದ್ದನ್ನು ನೋಡುವ ಹಕ್ಕು ಇರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಆ ಕಾರಣಕ್ಕೆ. ಧಾರಾವಾಹಿ ಹೋದರೆ ಹೋಗಲಿ.

ಆಮೇಲೆ ಆ ಶನಿವಾರ ಬಂತು.

ಕಡಬಕ್ಕೆ ಮದುವೆ ಮಾಡಿಕೊಟ್ಟ ನನ್ನ ನಾದಿನಿಯ ಮಗಳು ಮಕ್ಕಳ ಹಾಡಿನ ಒಂದು ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದಳು. ಮೊದಲೇ ಹೋಗಿ ಹಾಡಿ ಬಂದದ್ದು ಆ ಸಂಜೆ ಟಿವಿಯಲ್ಲಿ ಬರುವುದಿತ್ತು. ಮೊಮ್ಮಗಳು ಅಜ್ಜನ ಜೊತೆ ಕೂತೇ ನೋಡಬೇಕೆಂದು ಹಟ ಹಿಡಿದದ್ದರಿಂದ ನಾದಿನಿಯ ಸಂಸಾರವೂ ನೆಂಟರೂ ನಮ್ಮಲ್ಲೇ ಬಂದು ಸೇರಿದ್ದರು. ಅತ್ತೆ ಗೋಳಿಬಜೆ ಕರಿಯುತ್ತಿದ್ದರು. ಮಾವ ಬೆಳಿಗ್ಗೆಯೇ ಆಚೆ ಗೇಟಿನ ಹೊರಗೆ ನಿಂತು ಅರಿಕೆ ಮಾಡಿಕೊಂಡು ಬಂದಿದ್ದರು. "ಆಗಲಿ, ನೋಡುವ," ಎಂದಿದ್ದರಂತೆ ಸೆಕ್ರೆಟರಿ.

ಹೊತ್ತಾಯಿತು. ನಮ್ಮ ಟಿವಿಯಲ್ಲಿ ಕೋಟು ಹಾಕಿದ ಗಂಡಸರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. "ಈಗ ಬದಲಾಯಿಸ್ತಾರೆ," ಎಂದರು ಮಾವ. ಕೂಗಾಟ ಮುಂದುವರಿಯಿತು. ನೆಂಟರೆಲ್ಲ ಮಾವನ ಮುಖ ನೋಡಿದರು. ಹುಡುಗಿ ಅಮ್ಮನ ಸೆರಗು ಹಿಡಿದು ನಿಂತಿದ್ದಳು. ಕೊನೆಗೆ ಮಾವ ಎದ್ದು ಆಚೆ ಹೋದರು. ಪರದೆಯ ಮೇಲೆ ನಂಬರು ಮೂಡಿತು. ಮೊದಲು ಯಾವುದೋ ಭಾಷೆಯ ಅಡುಗೆ, ಆಮೇಲೆ ಪ್ರವಚನ, ಆಮೇಲೆ ನಮ್ಮ ಹುಡುಗಿ! ಹಾಡು ಅರ್ಧ ಆಗಿಹೋಗಿತ್ತು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಾವ ಓಡಿ ಬಂದು ಮೆಟ್ಟಿಲು ಹತ್ತುವಾಗ ತೀರ್ಪುಗಾರ್ತಿ ಮೈಕು ಹಿಡಿದು, "ನಿನ್ನ ಧ್ವನಿಯಲ್ಲಿ..." ಎಂದು ಶುರುಮಾಡಿದ್ದಳು. ಮಾವ ಒಳಗೆ ಕಾಲಿಟ್ಟಾಗ ಕೋಟಿನ ಗಂಡಸರು ವಾಪಸ್ ಬಂದಿದ್ದರು.

ಅವಳ ಧ್ವನಿಯಲ್ಲಿ ಏನಿತ್ತೋ ಅಜ್ಜನಿಗೂ ನೆಂಟರಿಗೂ ಆ ದಿನ ಕೇಳಲು ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ಸೆಕ್ರೆಟರಿಯವರೇ ಬಂದರು. ಜೇಬಿನಲ್ಲಿ ಪೆನ್ನಿತ್ತು. ಕುರ್ಚಿಯಲ್ಲಿ ಕೂತು ಗೋಳಿಬಜೆ ತಿಂದು, ಕೈ ಒರೆಸಿಕೊಂಡು ಅಭಿಪ್ರಾಯ ಕೊಟ್ಟರು. "ಹುಡುಗಿ ಪರವಾಗಿಲ್ಲ. ಸ್ವರ ಸಾಲದು. ಹಾಗಾಗಿ ನಾನು ಬದಲಾಯಿಸಿದೆ."

ಕಿವಿ ಕೇಳದ ಮನುಷ್ಯ ಸ್ವರದ ಬಗ್ಗೆ ಹೇಳುತ್ತಿದ್ದಾರೆ! ಹುಡುಗಿ ಅಳುತ್ತ ಒಳಗೆ ಓಡಿದಳು. ಮಾವ, "ಹೌದು ಸರ್, ಇನ್ನೂ ಕಲಿಯಬೇಕು," ಎಂದರು. ಅವತ್ತು ನನಗೆ ಆ ಮನುಷ್ಯನಷ್ಟೇ ನಮ್ಮ ಮಾವನ ಮೇಲೂ ಅಸಹ್ಯವಾಯಿತು.

ಮುಂದಿನ ವಾರ ಸೆಕ್ರೆಟರಿ ಕಿವಿ ತೋರಿಸಲು ಮಂಗಳೂರಿಗೆ ಹೋದಾಗ ನಾನು ತವರಿನ ಕಡೆಯ ಸುಳ್ಯದಿಂದ ಜನ ಕರೆಸಿ ಡಿಶ್ ಹಾಕಿಸಿದೆ. ಯಾರನ್ನೂ ಕೇಳಲಿಲ್ಲ. ಮಾವ ಬೇಡಿಕೊಂಡದ್ದು ಒಂದೇ: ಡಿಶ್ ಆಚೆ ಮನೆಗೆ ಕಾಣಬಾರದು, ಹಳೇ ವಯರು ಇದ್ದ ಹಾಗೇ ಇರಬೇಕು. "ಗೊತ್ತಾದ್ರೆ ಅವರಿಗೆ ಬೇಜಾರಾಗ್ತದೆ ಮಗಳೇ." ಅವರಿಗೆ ಬೇಜಾರು! ಆದರೂ ಡಿಶ್ಶನ್ನು ಬಚ್ಚಲುಮನೆಯ ಹಿಂದೆ, ಕದ್ದು ತಂದ ಮಾಲಿನ ಹಾಗೆ ಅಡಗಿಸಿದೆವು. ಆಚೆ ಮನೆಗೆ ಹೋಗುವ ಬಟ್ಟಲನ್ನೂ ನಾನು ನಿಲ್ಲಿಸಿಬಿಟ್ಟೆ. ರಿಮೋಟನ್ನು ಮಾವನ ಕೈಗಿಟ್ಟೆ.

ಆ ರಿಮೋಟಿನಿಂದ ಅವರು ಮಾಡಿದ್ದೇನು? ಏಳು ಗಂಟೆಗೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಸೆಕ್ರೆಟರಿಯವರ ಟಿವಿ ಬೀದಿಗೆಲ್ಲ ಕೇಳುತ್ತಿತ್ತಲ್ಲ. ಅಲ್ಲಿ ಯಾವ ಚಾನೆಲ್ ಎಂದು ಕಿವಿಯಿಟ್ಟು ತಿಳಿದುಕೊಂಡು, ಬಂದು ನಮ್ಮ ಟಿವಿಯಲ್ಲಿ ಅದನ್ನೇ ಇಡುತ್ತಿದ್ದರು. ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ, "ಕಂಡೆಯಾ ನಿನ್ನೆ?" ಎಂದರೆ, "ಕಂಡೆ ಸರ್," ಎನ್ನಬೇಕಲ್ಲ. ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಬಟ್ಟಲು ನಿಂತ ಕೆಲವು ವಾರಗಳ ಮೇಲೆ ಇನ್ನೊಂದು ಶುರುವಾಯಿತು. ಏಳಾಗುವಾಗ ಸೆಕ್ರೆಟರಿ ಕಾಂಪೌಂಡಿನ ಹತ್ತಿರ ಬಂದು, "ಎಂತ ಇಡುದು ಮಾರಾಯ ಇವತ್ತು?" ಎಂದು ಕೇಳತೊಡಗಿದರು. ಮಾಡಿದ್ದಕ್ಕೆ ಮನಸ್ಸಿಗೆ ಚುಚ್ಚಿದೆ, ಹಾಗಾಗಿ ಕೇಳುತ್ತಿದ್ದಾರೆ ಎಂದರು ಅತ್ತೆ. ಪತ್ರೊಡೆಯ ಆಸೆಗೆ ಕೇಳುತ್ತಿದ್ದಾರೆ ಎಂದೆ ನಾನು. ಈಗಲೂ ನನ್ನ ಮಾತೇ ಸರಿ ಎಂದು ನನಗನಿಸುತ್ತದೆ. ಮಾವ ಮಾತ್ರ ಪ್ರತಿದಿನ, "ನಿಮ್ಮ ಇಷ್ಟ ಸರ್," ಎಂದು ಹೇಳಿ ಒಳಗೆ ಬಂದು ಕಿಟಕಿಗೆ ಕಿವಿಕೊಡುತ್ತಿದ್ದರು. ಆಚೆಯವರು ನಮಗಾಗಿ ಚಾನೆಲ್ ಇಡುತ್ತಿದ್ದೇನೆ ಎಂದುಕೊಂಡಿದ್ದರು, ಈಚೆಯವರು ಅದನ್ನು ನಂಬಿಸುತ್ತಿದ್ದರು. ಇಬ್ಬರು ಮುದುಕರ ಈ ನಾಟಕವನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಒಂದು ಸಂಜೆ ಮಾವನ ಉತ್ತರ ಬೇರೆಯಾಯಿತು. ಕಾಂಪೌಂಡಿನ ಮೇಲೆ ಕೈಯಿಟ್ಟು ನಿಂತಿದ್ದವರು ಅಳುಕುತ್ತಲೇ ಹೇಳಿದರು: "ಲೋಕಲ್ ಚಾನೆಲಲ್ಲಿ ಕಂಬಳ ಉಂಟಂತೆ ಸರ್... ಅದು ಇಡ್ತೀರಾ?"

ನಾನು ಹಾಕಿಸಿದ ಡಿಶ್‌ನಲ್ಲಿ ಲೋಕಲ್ ಚಾನೆಲ್ ಬರುತ್ತಿರಲಿಲ್ಲ. ಅದು ಬರುತ್ತಿದ್ದದ್ದು ಕೇಬಲಿನಲ್ಲಿ ಮಾತ್ರ.

"ಕೆಸರಲ್ಲಿ ಓಡುದನ್ನು ಎಂತ ನೋಡುದು?" ಎಂದರು ಸೆಕ್ರೆಟರಿ. ನಾನು ಹಲ್ಲು ಕಚ್ಚಿದೆ. ಆದರೆ ಮಾವ ಹಿಂದೆ ಸರಿಯಲಿಲ್ಲ. "ಸಣ್ಣದಿರುವಾಗ ನಾನೂ ಕೋಣಗಳನ್ನು ಓಡಿಸಿದ್ದೇನೆ ಸರ್," ಎಂದರು. ಈ ಮಾತು ನನಗೆ ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ.

"ನೀನಾ?" ಎಂದರು ಸೆಕ್ರೆಟರಿ. ಆಮೇಲೆ, "ಹಾಗಾದ್ರೆ ಇಡ್ತೇನೆ."

ಮಾವ ಒಳಗೆ ಬಂದವರೇ ಟಿವಿಯ ಹಿಂದೆ ಕೈ ಹಾಕಿ, ನನ್ನ ಡಿಶ್ಶಿನ ವಯರನ್ನು ಕಿತ್ತು ಆ ಹಳೇ ವಯರನ್ನು ಸಿಕ್ಕಿಸಿದರು. ಕೋಣಗಳು ಕೆಸರು ಹಾರಿಸುತ್ತ ನಮ್ಮ ಮನೆಯೊಳಗೆ ಓಡಿಬಂದವು. ಸೌಂಡು ಸೆಕ್ರೆಟರಿಯವರ ಕಿವಿಯ ಅಳತೆಯದ್ದು, ಕಿಟಕಿಯ ಗಾಜು ಅದುರುತ್ತಿತ್ತು. ಮಾವ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಒಂದು ಜೋಡಿ ಗೆದ್ದಾಗ ಅವರು ಆಚೆ ಮನೆಗೆ ಕೇಳುವಂತೆ ಕೂಗಿದರು. ಆಚೆಯಿಂದಲೂ ಒಂದು ಕೂಗು ಬಂತು. ಕೋಣದ ಬಾಲ ಯಾವುದು ಮೂತಿ ಯಾವುದು ಎಂದು ತಿಳಿಯದ ಆ ಮನುಷ್ಯ ಕೂಗಿದ್ದು ಏತಕ್ಕೋ... ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಂಬಳದ ಕಾಲ ಮುಗಿಯುವವರೆಗೆ ಶನಿವಾರಗಳಲ್ಲಿ ಹಾಗೇ ನಡೆಯಿತು. ಮಾವ ಕೇಳುತ್ತಿದ್ದರು, ಅವರು ಮೂಗು ಮುರಿದು ಇಡುತ್ತಿದ್ದರು. ಅತ್ತೆ ನನ್ನ ಕಣ್ಣು ತಪ್ಪಿಸಿ ಬಟ್ಟಲು ಕಳಿಸತೊಡಗಿದ್ದರು. ಅದು ತೊಳೆಯದೆಯೇ ಬರುತ್ತಿತ್ತು. ಮುಂದಿನ ಕಂಬಳದ ಕಾಲಕ್ಕೆ ಸೆಕ್ರೆಟರಿ ಇರಲಿಲ್ಲ. ಅವರ ಮಗ ಬಂದು ಕ್ರಿಯೆ ಮುಗಿಸಿ, ಬಾಕ್ಸನ್ನು ಕೇಬಲಿನವನಿಗೆ ಕೊಟ್ಟು, ಬೀಗ ಹಾಕಿಕೊಂಡು ಹೋದ. ನಮ್ಮಲ್ಲಿ ಡಿಶ್ ಇದೆ ಎಂಬುದು ಸೆಕ್ರೆಟರಿಯವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅವರ ಬಗ್ಗೆ ನನಗೆ ಗೌರವ ಹುಟ್ಟಿಲ್ಲ. ಸತ್ತವರೆಲ್ಲ ಒಳ್ಳೆಯವರು ಎಂದು ಬರೆಯಲು ನನ್ನಿಂದಾಗುವುದಿಲ್ಲ. ಒಂದು ಮಗುವಿನ ಹಾಡನ್ನು ನುಂಗಿ ಗೋಳಿಬಜೆ ತಿಂದ ಮನುಷ್ಯ ಅವರು.

ಆದರೆ ವೆಲ್ಡಿಂಗಿನವನು, "ಕಟ್ ಮಾಡ್ಲಾ?" ಎಂದು ಎರಡನೇ ಸಲ ಕೂಗಿದಾಗ, ಚಾವಡಿಯಲ್ಲಿ ಕೂತಿದ್ದ ಮಾವ ಕತ್ತೆತ್ತಿ ನನ್ನನ್ನು ನೋಡಿದರು. ಬೇಡ ಎಂದು ಅವರು ಹೇಳಲಿಲ್ಲ. ನಾನೇ, "ಅದು ಅಲ್ಲೇ ಇರ್ಲಿ, ಬದಿಯಿಂದ ಶೀಟು ಹಾಕಿ," ಎಂದೆ.

ಸಂಜೆ ಏಳಾಯಿತು. ಈಗ ಗೋಡೆಯ ಮೇಲೆ ದೊಡ್ಡ ಟಿವಿ ಇದೆ, ಡಿಶ್ಶೂ ಹಳತಾಯಿತು, ಎಲ್ಲ ಇಂಟರ್‌ನೆಟ್ಟಿನಲ್ಲಿ ಬರುತ್ತದೆ. ಕಂಬಳವಂತೂ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ನಾನು ರಿಮೋಟು ಹಿಡಿದು, "ಎಂತ ಇಡುದು ಮಾವ?" ಎಂದು ಕೇಳಿದೆ.

ಮಾವ ಕಿಟಕಿಯ ಕಡೆ ನೋಡಿದರು. ಆಚೆ ಮನೆಯಿಂದ ಸದ್ದಿರಲಿಲ್ಲ.

"ನಿನ್ನ ಇಷ್ಟ ಮಗಳೇ," ಎಂದರು.

ಇಷ್ಟು ವರ್ಷ ಈ ಮನೆಯಲ್ಲಿದ್ದೇನೆ. ಮಾವ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಒಬ್ಬರ ಹತ್ತಿರ ಮಾತ್ರ. ಅವರು ಈಗ ಇಲ್ಲ.