ಎರಡು ಸಬ್‌ವೂಫರ್‌ಗಳಿಗೊಂದು ಆಂಪ್ಲಿಫೈಯರ್

ನನ್ನ ಗಂಡ ಗಲ್ಫ್‌ನಲ್ಲಿ ಜನರೇಟರ್ ಮೆಕ್ಯಾನಿಕ್ ಆಗಿದ್ದರು. ಕೆಲಸ ಬಿಟ್ಟು ಕಾಪುವಿನ ಮನೆಗೆ ಬಂದಾಗ ಸಾಮಾನಿನ ಜೊತೆ ದಪ್ಪ ಸ್ವರ ನುಡಿಸುವ ಎರಡು ಸಬ್‌ವೂಫರ್ ಪೆಟ್ಟಿಗೆಗಳೂ ಬಂದವು. ಅಷ್ಟರಲ್ಲಿ ಅವರ ಕಿವಿ ಮುಕ್ಕಾಲು ಹೋಗಿತ್ತು. ಯಂತ್ರಗಳ ಸದ್ದಿಗೆ ಒಳಗಿನ ನರ ಸತ್ತಿದೆ, ದಪ್ಪ ಸ್ವರ ಮಾತ್ರ ಸ್ವಲ್ಪ ಉಳಿದಿದೆ, ಅದೂ ಎಷ್ಟು ಕಾಲವೋ ಹೇಳಲಾಗದು ಎಂದರು ಮಣಿಪಾಲದ ವೈದ್ಯರು. ಕೊಟ್ಟ ಕಿವಿಯ ಮೆಷಿನ್ ಕಿರ್ರೆನ್ನುತ್ತದೆ ಎಂದು ಇವರು ತೆಗೆದಿಟ್ಟರು.

ಆದರೆ ದಪ್ಪ ಸ್ವರದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮದ್ದಳೆಯಾದರೂ ಕೇಳಬಹುದಲ್ಲ," ಎಂದರು. ಯಕ್ಷಗಾನವೆಂದರೆ ಅವರಿಗೆ ಪ್ರಾಣ. ಆ ಸಬ್‌ವೂಫರ್‌ಗಳೊಳಗೆ ಆಂಪ್ಲಿಫೈಯರ್ ಇರಲಿಲ್ಲ. ನಮ್ಮ ಹಳೆಯ ಸ್ಟೀರಿಯೊಗೆ ಅವನ್ನು ನುಡಿಸುವ ಶಕ್ತಿಯಿರಲಿಲ್ಲ.

ಆಂಪ್ಲಿಫೈಯರ್ ಕೊಳ್ಳಲು ಉಡುಪಿಯ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಇವರನ್ನು ಬಿಟ್ಟು ನನ್ನೊಡನೆ ಮಾತಾಡಿದರು. "ಎರಡೂ ನಾಲ್ಕು ಓಮ್‌ನದ್ದಾ ಅಕ್ಕ? ಒಟ್ಟಿಗೆ ಒಂದೇ ಚಾನೆಲ್‌ಗೆ ಸಿಕ್ಕಿಸಿದರೆ ಆಂಪ್ಲಿಫೈಯರ್ ಬಿಸಿಯಾಗಿ ಹೋಗ್ತದೆ. ಎರಡು ಚಾನೆಲ್‌ನದ್ದು ತಗೊಳ್ಳಿ, ಒಂದೊಂದಕ್ಕೆ ಒಂದೊಂದು."

ಇವರು ಅಂಗಡಿಯವರ ತುಟಿಯನ್ನೇ ನೋಡುತ್ತಿದ್ದರು. "ಅದು ನನಗೆ ಗೊತ್ತುಂಟು. ದಪ್ಪ ಸ್ವರ ಮಾತ್ರ ಬಿಡುವ ಗುಂಡಿ ಉಂಟಾ ಕೇಳು. ಪವರ್ ಜಾಸ್ತಿ ಬೇಕು," ಎಂದು ನನಗೆ ಹೇಳಿದರು.

"ಕೋಣೆ ಎಷ್ಟು ದೊಡ್ಡದು?" ಅಂಗಡಿಯವರು ಕೇಳಿದರು.

"ಚಿಕ್ಕದೇ."

"ಮತ್ತೆ ಇಷ್ಟು ಪವರ್ ಎಂತಕ್ಕೆ ಮಾರಾಯ್ರೆ? ಕಿವಿ ಹೋದೀತು!"

ಆ ಮಾತನ್ನು ನಾನು ಗಂಡನಿಗೆ ದಾಟಿಸಲಿಲ್ಲ.

ದೊಡ್ಡದನ್ನೇ ತಂದೆವು. ತಂತಿಗಳನ್ನು ಇವರೇ ಸುಲಿದು ಜೋಡಿಸಿದರು. ಅಂಥ ಹುರುಪನ್ನು ನಾನು ಕಂಡು ತಿಂಗಳುಗಳಾಗಿದ್ದವು. ಸ್ಟೀರಿಯೊದಲ್ಲಿ ಯಕ್ಷಗಾನ ಹಾಕಿದರು, ಮದ್ದಳೆ ಶುರುವಾಯಿತು. ಗುಂಡಿ ತಿರುಗಿಸುತ್ತ ಹೋದರು. ಕಿಟಕಿಯ ಗಾಜು ನಡುಗಿತು, ಅಡುಗೆಮನೆಯ ಲೋಟಗಳು ಸದ್ದು ಮಾಡಿದವು, ನನ್ನ ಎದೆಯೊಳಗೆಲ್ಲ ಅದುರಿತು. ಅವರು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೂತರು.

ಕೇಳುತ್ತದಾ ಎಂದು ಸನ್ನೆ ಮಾಡಿದೆ.

"ಕೈಗೆ ಬರ್ತಾ ಉಂಟು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಪೆಟ್ಟು ಬೀಳುವುದು ಗೊತ್ತಾಗ್ತದೆ. ಮದ್ದಳೆ ಅಂತ ಗೊತ್ತಾಗುವುದಿಲ್ಲ," ಎಂದು ತಾವೇ ಆರಿಸಿದರು.

ಇನ್ನೂ ದೊಡ್ಡದನ್ನು ತರೋಣವೇ ಎಂದು ಮರುದಿನ ಕೇಳಿದೆ.

"ಬೇಡ. ಆಂಪ್ಲಿಫೈಯರ್ ಸರಿಯೇ ಉಂಟು."

ಆಮೇಲೆ ಅವರು ಅದನ್ನು ಹಾಕಲಿಲ್ಲ. ಮೊದಲೆಲ್ಲ ನಾನು ಮಾತಾಡುವಾಗ ನನ್ನ ಬಾಯಿ ನೋಡುತ್ತಿದ್ದರು. ಈಗೀಗ ಮುಖ ಬೇರೆಲ್ಲೋ ಇರುತ್ತದೆ. ಊಟ ಬಡಿಸಿ ಭುಜ ಮುಟ್ಟುತ್ತೇನೆ, ಎದ್ದು ಬರುತ್ತಾರೆ. ನಾನೂ ಮಾತು ಕಡಿಮೆ ಮಾಡಿದ್ದೇನೆ.