ಕನ್ಯೆ ಸಿಗದ ಓಣಿ

ರಾಮದುರ್ಗದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಜಗತ್ತಿನ ಜನಸಂಖ್ಯೆಯ ಪಾಠ ಬರುತ್ತದೆ. ಮೊದಲೆಲ್ಲ ಆ ಪಾಠವೆಂದರೆ ನನಗೆ ಭಾರೀ ಹುರುಪು. ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತಿದ್ದೆ. ಸಾವಿರಾರು ವರ್ಷ ನೆಲಕ್ಕೆ ಅಂಟಿಕೊಂಡೇ ಹೋಗುವ ಗೆರೆ. ಔಷಧಿ ಬಂತು, ಹುಟ್ಟಿದ ಕೂಸುಗಳು ಬದುಕಿ ಉಳಿಯತೊಡಗಿದವು ಅನ್ನುವಷ್ಟರಲ್ಲಿ ಸೀದಾ ಮೇಲಕ್ಕೆ ಏರಿಬಿಡುತ್ತಿತ್ತು. ಆಮೇಲೆ ಒಂದೊಂದೇ ದೇಶ. ನೈಜೀರಿಯಾದಲ್ಲಿ ಜನ ಬೆಳೆಯುತ್ತಲೇ ಇದ್ದಾರೆ, ಜಪಾನಿನಲ್ಲಿ ವರ್ಷವರ್ಷಕ್ಕೂ ಕರಗುತ್ತಿದ್ದಾರೆ, ನಾವು ಚೀನಾವನ್ನು ದಾಟಿ ಮುಂದೆ ಹೋದೆವು. ಕೊನೆಗೆ ಚೀನಾದ ಸಂಗತಿ: ಒಂದೇ ಮಗು ಎಂದು ಸರಕಾರ ಕಾನೂನು ಮಾಡಿತು, ಆ ಒಂದು ಗಂಡೇ ಆಗಲಿ ಎಂದು ಜನ ಹಟ ಹಿಡಿದರು, ಈಗ ಅಲ್ಲಿ ಹುಡುಗಿ ಸಿಗದೆ ಎಷ್ಟೋ ಗಂಡಸರು ಹಾಗೇ ಉಳಿದಿದ್ದಾರೆ.

ಹೋದ ವರ್ಷ ಇಷ್ಟು ಹೇಳಿ ಮುಗಿಸುವುದರೊಳಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ನಿಮ್ಮ ತಮ್ಮಾರ ಹಂಗ ಏನ್ರಿ ಅಕ್ಕೋರ?" ಅಂದಳು.

ಇಡೀ ಕ್ಲಾಸು ಗೊಳ್ಳೆಂದಿತು. ಅವಳ ತಾಯಿಯ ತವರೂ ನನ್ನ ತವರೂ ಒಂದೇ, ಮುರಗೋಡದ ಹತ್ತಿರದ ಹಳ್ಳಿ. ಅವಳಿಗೆ ಎಲ್ಲ ಗೊತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಬಾಯಿ ಮುಚ್ಚಿ ಕೂಡ್ರು" ಎಂದು ಗದರಿದೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಡಸ್ಟರ್ ಹಿಡಿದು ಬೋರ್ಡು ಒರೆಸಿದೆ.

ನನ್ನ ತಮ್ಮನಿಗೆ ಮೂವತ್ತಾರು. ಕಾಲುವೆ ನೀರಿನ ಹೊಲ, ಕಬ್ಬು, ಸ್ವಂತ ಟ್ರ್ಯಾಕ್ಟರು. ಕುಡಿತವಿಲ್ಲ, ಎಲೆ ಅಡಿಕೆಯೂ ಇಲ್ಲ. ಅವನಿಗಾಗಿ ನಾವು ಬೈಲಹೊಂಗಲದ ಕಡೆ ಹೋದೆವು, ಸವದತ್ತಿಯ ಕಡೆ ಹೋದೆವು, ಎಲ್ಲೆಲ್ಲಿಯೋ ಅವಲಕ್ಕಿ ತಿಂದು ಚಹಾ ಕುಡಿದು ಬಂದೆವು. ಕಿತ್ತೂರಿನ ಹತ್ತಿರ ಒಬ್ಬ ಗೃಹಸ್ಥರಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರ ಬಾಗಿಲಲ್ಲಿ ನಮಗಿಂತ ಮೊದಲೇ ಎರಡು ಗಾಡಿ ನಿಂತಿದ್ದವು, ನಾವು ಕಟ್ಟೆಯ ಮೇಲೆ ಕೂತು ಪಾಳಿ ಕಾದೆವು.

"ಹುಡುಗಗ ನೌಕರಿ ಏನೈತ್ರಿ?" ಎಂದು ಕೇಳಿದರು ಅವರು.

"ಒಕ್ಕಲತನ ಐತ್ರಿ. ನೀರಾವರಿ ಹೊಲ," ಅಂದೆ.

"ಒಕ್ಕಲತನ ನಮಗೂ ಐತಿ ಬಿಡ್ರಿ. ನನ್ನ ಮಗಳು ಸಗಣಿ ಬಳಿಯೂದಿಲ್ಲ ಅಂತಾಳ," ಎಂದು ನಕ್ಕರು. ತಮ್ಮನೂ ಅವರ ಜೊತೆ ನಕ್ಕ.

ಸಗಣಿ ಬಳಿಯುವುದಿಲ್ಲ ಎಂದ ಆ ಹುಡುಗಿಯನ್ನು ಯಾವ ಬಾಯಿಂದ ಬೈಯಲಿ? ನಾನೇ ನೌಕರಿಯವನನ್ನು ಮದುವೆಯಾಗಿ ಊರು ಬಿಟ್ಟವಳು. ಇನ್ನು ನಮ್ಮ ಓಣಿಯ ಮಾತು ಬೇರೆಯೇ ಇದೆ. ಗಂಡು ಹುಟ್ಟಿದರೆ ಮನೆಮನೆಗೆ ಪೇಢೆ ಹಂಚುತ್ತಿದ್ದರು. ಹೆಣ್ಣು ಹುಟ್ಟಿದರೆ ಆ ಮನೆಯವರು ನಾಲ್ಕು ದಿನ ಕಟ್ಟೆಗೆ ಬರುತ್ತಿರಲಿಲ್ಲ. ಆಮೇಲಾಮೇಲೆ ಹೊಟ್ಟೆಯೊಳಗಿರುವಾಗಲೇ ನೋಡಿ ಹೇಳುವವರು ಸಿಕ್ಕರು. ಬಸುರಿ ಸೊಸೆಯಂದಿರು ಅತ್ತೆಯ ಜೊತೆ ಎಲ್ಲಿಗೋ ಹೋಗಿ ಖಾಲಿ ಹೊಟ್ಟೆಯಲ್ಲಿ ತಿರುಗಿ ಬಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನಮ್ಮ ಓಣಿ ಗಂಡುಮಕ್ಕಳ ಓಣಿ ಎಂದು ಅವ್ವ ಹೆಮ್ಮೆಪಡುತ್ತಿದ್ದಳು. ಈಗ ಆ ಗಂಡುಮಕ್ಕಳೆಲ್ಲ ಮೀಸೆ ನರೆತು ಅದೇ ಕಟ್ಟೆಯ ಮೇಲೆ ಮೊಬೈಲು ನೋಡುತ್ತ ಕೂತಿರುತ್ತಾರೆ.

ಈ ಸಲ ಶಾಲೆಯ ಸೂಟಿಗೆ ತವರಿಗೆ ಹೋದಾಗ ಅವ್ವ ಅಡುಗೆಮನೆಯಲ್ಲಿ ನನ್ನೆದುರು ಕೂತು, "ನಿನ್ನ ಮಗಳನ್ನ ಕೊಡು," ಅಂದಳು. ಅದು ಕೇಳಿದ್ದಲ್ಲ, ಅಪ್ಪಣೆ ಮಾಡಿದ್ದು. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ನನ್ನ ಮಗಳನ್ನು ತೊಟ್ಟಿಲಲ್ಲಿ ಹಾಕಿದ ದಿನವೇ ಅವ್ವ ಹತ್ತು ಜನರ ಮುಂದೆ, ಇವಳು ನಮ್ಮ ಮನೆಗೇ ಬರುವವಳು ಎಂದು ಸಾರಿದ್ದಳು. ಅವತ್ತು ಎಲ್ಲರೂ ನಕ್ಕಿದ್ದೆವು.

"ಅವ್ವಾ, ತಲಿಗಿಲಿ ಕೆಟ್ಟೈತೇನು? ಅಕಿಗಿನ್ನೂ ಇಪ್ಪತ್ತು. ಧಾರವಾಡದಾಗ ನರ್ಸಿಂಗ್ ಓದಾಕ ಹತ್ಯಾಳ."

"ನಾ ನಮ್ಮ ಸ್ವಾದರಮಾವನ್ನ ಮಾಡ್ಕೊಂಡಾಕಿ. ನಾ ಬಾಳೇ ಮಾಡಲಿಲ್ಲೇನು?"

"ನೀ ಮಾಡ್ದಿ. ಅಕಿನ್ನ ನಾ ಕೊಡೂದಿಲ್ಲ."

"ಹೊರಗಿನಾವ್ರೂ ಕೊಡೂದಿಲ್ಲ, ನೀನೂ ಕೊಡೂದಿಲ್ಲ. ಹಂಗಾರ ನನ್ನ ಮಗಾ ಏನ ಮಾಡ್ಬೇಕ?"

ನನಗೂ ಸಿಟ್ಟು ನೆತ್ತಿಗೇರಿತು. "ಹೆಣ್ಣ ಕೂಸ ಬ್ಯಾಡ ಅಂದಾವ್ರ ಯಾರ? ನಾನೇನು?" ಎಂದು ಚೀರಿದೆ. ಆಗಲೇ ನೋಡಿದ್ದು: ತಮ್ಮ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಅವ್ವಾ, ಆ ಕೂಸನ್ನ ನಾ ಹೆಗಲ ಮ್ಯಾಲೆ ಹೊತ್ತ ಆಡಿಸೇನಿ," ಅಂದ. "ಅಂಥಾ ಮಾತ ಮತ್ತ ಆಡಬ್ಯಾಡ. ಕನ್ಯಾ ನೋಡೂದೂ ಇನ್ನ ಸಾಕು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನಿಗಾಗಿ ನನ್ನ ಜೀವ ಕೊಟ್ಟೇನು, ಮಗಳನ್ನು ಹೇಗೆ ಕೊಡಲಿ? ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನಾನು ರಾಮದುರ್ಗಕ್ಕೆ ಹೊರಡುವ ದಿನ ಮುಂಜಾನೆ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದೆ. ತಮ್ಮ ಕೈತೊಳೆದುಕೊಂಡು ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಅಕ್ಕಾ, ರೊಟ್ಟಿ ಬಡಿಯೂದ ಕಲಿಸು."

ನಮ್ಮ ಮನೆಯ ಯಾವ ಗಂಡಸೂ ಹಿಟ್ಟಿಗೆ ಕೈಹಚ್ಚಿದವನಲ್ಲ. "ಹುಚ್ಚಪ್ಪಾ, ನಿನಗ್ಯಾಕೋ ಇದು?" ಅಂದೆ.

"ಅವ್ವ ಎಷ್ಟ ದಿನಾ ಬಡೀತಾಳ? ಕಲಿಸು."

ಮೊದಲನೆಯದು ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿನ ಮೇಲೆ ಎರಡು ತುಂಡಾಯಿತು. ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು, ತಿರುಗಿ ನೋಡಲಿಲ್ಲ. ಅವನು ಮತ್ತೆ ಹಿಟ್ಟು ತೆಗೆದುಕೊಂಡ, ನಾನು ಹೇಳಿದ ಹಾಗೆ ಅಂಗೈ ತಿರುಗಿಸುತ್ತ ಮೆಲ್ಲಗೆ ಬಡಿದ. ಆ ರೊಟ್ಟಿ ಹರಿಯಲಿಲ್ಲ. ಹಂಚಿನ ಮೇಲೆ ದುಂಡಗೆ ಉಬ್ಬಿ ನಿಂತಿತು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.